ಗೋರಂಟಿ ಪಾದಗಳ ಮಳೆಗಾಲ

ಹೋದ ತಿಂಗಳು ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಓಣಿಯವರ ಮದುವೆ ಇತ್ತು. ಈಗೆಲ್ಲ ಮದರಂಗಿ ಎಂದರೆ ಅಂಗಡಿಯಿಂದ ತಂದ ಕೋನು. ಆದರೆ ಮದುಮಗಳ ಅಜ್ಜಿ ಹಟ ಹಿಡಿದು ಗಿಡದ ಸೊಪ್ಪನ್ನೇ ತರಿಸಿ ಒರಳಿನಲ್ಲಿ ರುಬ್ಬಿಸಿದ್ದರು. ಆ ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಹೊರಗೆ ಬಂದು ನಿಂತೆ. ಹಿಂದೆಯೇ ಬಂದ ಗೆಳತಿ, "ಯಾಕ್ರಿ ಸಿಸ್ಟರ್, ಆ ವಾಸನಿ ಆಗಿಬರಂಗಿಲ್ಲೇನು?" ಎಂದಳು. ಆಗಿಬರದೆ ಏನು. ಎಲ್ಲರಿಗೂ ಅದು ಮದುವೆಯ ವಾಸನೆ. ನನಗೆ ಮಾತ್ರ ಅದು ಕೆಸರಿನ ವಾಸನೆ, ಜ್ವರದ ವಾಸನೆ. ಒಂದು ಇಡೀ ಮಳೆಗಾಲ ಅದರೊಳಗಿದೆ.

ಆಗ ನಾನು ಕಂಪ್ಲಿಗೆ ಹತ್ತಿರದ, ತುಂಗಭದ್ರೆಯ ದಂಡೆಯ ಮೇಲಿನ ಊರೊಂದರಲ್ಲಿ ಆರೋಗ್ಯ ಉಪಕೇಂದ್ರದ ನರ್ಸು. ಹುಟ್ಟಿ ಬೆಳೆದದ್ದು ಸಂಡೂರಿನಲ್ಲಿ. ನಮ್ಮ ಕಡೆ ಮಳೆ ಬಂದರೆ ಗುಡ್ಡದಿಂದ ಕೆಂಪು ನೀರು ಇಳಿದು ಹೋಗುತ್ತದೆ, ಮರುದಿನವೇ ಧೂಳು ಏಳುತ್ತದೆ. ನಿಂತ ನೀರಿನಲ್ಲಿ ದಿನವಿಡೀ ನಿಂತು ದುಡಿಯುವವರನ್ನು ನಾನು ಕಂಡದ್ದು ಆ ಊರಿಗೆ ಹೋದ ಮೇಲೆಯೇ. ಅಲ್ಲಿ ಭತ್ತಕ್ಕೆ ನೆಲ್ಲು ಅನ್ನುತ್ತಾರೆ, ಮದರಂಗಿಗೆ ಗೋರಂಟಿ. ನಾಟಿ ಶುರುವಾಗುವ ಮುಂಚೆ ಹೆಂಗಸರೆಲ್ಲ ಗೋರಂಟಿ ಸೊಪ್ಪು ರುಬ್ಬಿ, ನಿಂಬೆಹಣ್ಣು ಹಿಂಡಿ, ಅಂಗಾಲು, ಹಿಮ್ಮಡಿ, ಬೆರಳ ಸಂದಿಗೆಲ್ಲ ಮೆತ್ತಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಚಂದಕ್ಕಲ್ಲ. ಕೆಸರಿನಲ್ಲಿ ಬೆರಳ ಸಂದು ಕೊಳೆಯಬಾರದು ಅಂತ. ಹೋದ ಹೊಸದರಲ್ಲಿ ನಾನು, "ಇಷ್ಟು ಮಂದಿಗೆ ಒಮ್ಮೆಲೇ ಮದುವೇನ್ರಿ?" ಎಂದು ಕೇಳಿ ನಗೆಪಾಟಲಾಗಿದ್ದೆ. ಆ ನಗೆ ಊರಲ್ಲಿ ತಿಂಗಳುಗಟ್ಟಲೆ ಓಡಾಡಿತು.

ನಾಟಿ ಮಾಡುವ ಹೆಂಗಸರದು ಒಂದು ಗುಂಪು. ಯಜಮಾನಿ ಹುಲಿಗೆಮ್ಮ. ಯಾರ ಗದ್ದೆಗೆ ಯಾವಾಗ ಇಳಿಯಬೇಕು, ಯಾರು ಯಾವ ಸಾಲು ಹಿಡಿಯಬೇಕು, ಎಲ್ಲ ಆಕೆಯ ಮಾತಿನಂತೆ. ಆಕೆ ಬದುವಿನ ಮೇಲೆ ನಿಂತು ಕೂಗಿದರೆ ಹೊಳೆಯ ಆಚೆ ದಂಡೆಯ ಎಮ್ಮೆಯೂ ತಲೆಯೆತ್ತಬೇಕು, ಅಂಥ ಗಂಟಲು. ಗದ್ದೆಗೆ ಬಂದರೆ ಚಪ್ಪಲಿಗಳು ಬದುವಿನ ಮೇಲೆ ಸಾಲಾಗಿ ನಿಲ್ಲಬೇಕು. ಬರಿಗಾಲಲ್ಲದೆ ಒಳಗೆ ಯಾರೂ ಇಳಿಯುವಂತಿಲ್ಲ. "ಅನ್ನ ಕೊಡೋ ತಾಯಿ ಆಕಿ. ಕೆರ ಹಾಕ್ಕೊಂಡು ಆಕಿ ಎದಿ ತುಳಿಯಾಕ ಆಗ್ತತೇನು?" ಅನ್ನುತ್ತಿದ್ದಳು. ಒಬ್ಬನೇ ಮಗ ಮಂಜುನಾಥ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಸೊಸೆ ಈರಮ್ಮ ಅತ್ತೆಯ ಗುಂಪಿನಲ್ಲೇ ನಾಟಿಗೆ ಇಳಿಯುತ್ತಿದ್ದಳು. ಅತ್ತೆಯ ಮಾತಿಗೆ ಎದುರು ಮಾತಾಡದ, ಆದರೆ ಅತ್ತೆ ಬೆನ್ನು ತಿರುಗಿಸಿದ ಕೂಡಲೇ ಅವಳ ನಡಿಗೆಯನ್ನು ನಕಲು ಮಾಡಿ ಎಲ್ಲರನ್ನೂ ನಗಿಸುವ ಹುಡುಗಿ ಅವಳು.

ಆ ವರ್ಷದ ಬೇಸಿಗೆಯನ್ನು ನೆನೆದರೆ ಈಗಲೂ ಬೆನ್ನು ಬೆವರುತ್ತದೆ. ಅದಕ್ಕೂ ಮುಂಚೆ ಚಳಿಗಾಲವೇ ಬಂದಿರಲಿಲ್ಲ, ಸ್ವೆಟರು ಪೆಟ್ಟಿಗೆಯಲ್ಲೇ ಉಳಿದಿತ್ತು. ಹೊಳೆ ಬತ್ತಿ ಹಂಪಿಯ ಕಡೆಯವರೆಗೂ ಬಂಡೆಗಳು ಹಲ್ಲು ಕಿರಿದು ನಿಂತವು. ಮೇಲಿನ ಹೊಲಗಳೆಲ್ಲ ಬೆಂದು ಬಿರಿದಾಗ, ಹಳೆಯ ಕಾಲುವೆಯ ಪಕ್ಕದ ಒಂದಿಷ್ಟು ಗದ್ದೆ, ಕಬ್ಬು, ಬಾಳೆ ಮಾತ್ರ ಹಸಿರಾಗಿದ್ದವು. ಸುತ್ತಲಿನ ಇಲಿಗಳೆಲ್ಲ ಅಲ್ಲಿಗೇ ಬಂದು ಬೀಡು ಬಿಟ್ಟವು. ಬೆಚ್ಚಗಿನ ಹವೆ, ಕೈಗೆಟಕುವ ಕಾಳು, ಬಾಣಂತನಕ್ಕೆ ಇನ್ನೇನು ಬೇಕು! ನನ್ನ ಕ್ವಾರ್ಟರ್ಸಿಗೂ ನುಗ್ಗಿದವು. ಸಾಬೂನು ತಿಂದವು, ಹತ್ತಿ ಸುರುಳಿಯನ್ನು ಗೂಡಿಗೆ ಎಳೆದುಕೊಂಡು ಹೋದವು, ಕೂಸುಗಳನ್ನು ತೂಗುವ ಜೋಳಿಗೆಯನ್ನೂ ಬಿಡಲಿಲ್ಲ. ಊರಿನ ಬೆಕ್ಕುಗಳು ತಿಂದು ತಿಂದು ಸಾಕಾಗಿ ಮಲಗಿದ್ದವು.

ಆಮೇಲೆ ಮಲೆನಾಡಿನ ಕಡೆ ಮಳೆ ಒಮ್ಮೆಲೇ ಬಿದ್ದು, ತಿಂಗಳಲ್ಲಿ ತುಂಬಬೇಕಾದ ಡ್ಯಾಮು ವಾರದೊಳಗೆ ತುಂಬಿತು. ಜೀಪಿನವರು ಮೈಕಿನಲ್ಲಿ ಕೂಗುತ್ತ ಬಂದರು. ಗೇಟು ತೆರೆದರು. ಕಂಪ್ಲಿ ಸೇತುವೆ ಮುಳುಗಿತು. ಊರವರೆಲ್ಲ ಸೇತುವೆ ನೋಡಲು ಹೋಗಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದರು. ನಾನೂ ಹೋಗಿದ್ದೆ. ಆದರೆ ನನ್ನ ಕಣ್ಣು ಹಿಡಿದದ್ದು ಬೇರೆ. ಹೊಳೆದಂಡೆಯ ಗದ್ದೆಗಳು ಮುಳುಗಿ, ನೀರಿನ ಮೇಲೆ ಬದುಗಳಷ್ಟೇ ಕಾಣುತ್ತಿದ್ದವು. ಆ ಬದುಗಳ ಮೇಲೆ ತೊಯ್ದು ಮುದ್ದೆಯಾದ ಇಲಿಗಳು ಒತ್ತೊತ್ತಾಗಿ ಕೂತಿದ್ದವು. ಕೋಲು ತೋರಿಸಿದರೂ ಕದಲಲಿಲ್ಲ.

ಹೊಳೆ ಇಳಿಯಿತು. ಹಚ್ಚಿದ್ದ ಸಸಿಯೆಲ್ಲ ಕೊಚ್ಚಿ ಹೋಗಿತ್ತು, ಮತ್ತೆ ನಾಟಿ ಮಾಡಬೇಕಾಯಿತು. ಹುಲಿಗೆಮ್ಮನ ಗುಂಪು ಹೊಳೆ ಬಿಟ್ಟು ಹೋದ ಬೆಚ್ಚಗಿನ ಕದಡು ನೀರಿಗೆ ಇಳಿಯಿತು. ಮೇಲಿನಿಂದ ಬಿಡದೆ ಜಿಟಿಜಿಟಿ. ಬಿಸಿಲು ಮುಖ ತೋರಿಸಲಿಲ್ಲ, ತಂಪೂ ಆಗಲಿಲ್ಲ. ಕೊಚ್ಚಿ ಬಂದ ಕಬ್ಬಿನ ಕೂಳೆ, ಮುಳ್ಳು, ಗಾಜು ಕೆಸರಿನೊಳಗೆ ಹುದುಗಿದ್ದವು. ಎಲ್ಲರ ಕಾಲಲ್ಲೂ ಗೀರು. ಆದರೆ ಗೋರಂಟಿಯ ಕೆಂಪಿನೊಳಗೆ ಗೀರು ಯಾವುದು, ಬಣ್ಣ ಯಾವುದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಕೇಳಿದರೆ, "ಗೋರಂಟಿ ಹಚ್ಚೇವಲ್ರಿ, ಇನ್ನೇನ ಆಗ್ತತಿ?" ಎಂಬ ಧೈರ್ಯ.

ಮೊದಲು ಹೋದವಳು ನಿಂಗಮ್ಮ. ನಾಟಿ ಮಾಡುವಾಗ ಹಾಡು ಎತ್ತಿಕೊಡುತ್ತಿದ್ದವಳು ಅವಳೇ, ಉಳಿದವರು ದನಿಗೂಡಿಸುತ್ತಿದ್ದರು. ಅವಳಿಗೆ ಜ್ವರ ಬಂತು, ಮೈಕೈ ನೋವು ಅಂದಳು. ನಾಟಿ ಕಾಲದಲ್ಲಿ ಮೈಕೈ ನೋವು ಯಾರಿಗಿಲ್ಲ? ಅಂಗಡಿಯ ಗುಳಿಗೆ ನುಂಗಿ ಮತ್ತೆ ಗದ್ದೆಗಿಳಿದಳು. ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆಗೆ ಅಲ್ಲಿ ಕಾಮಣಿ ಅನ್ನುತ್ತಾರೆ. ಕಾಮಣಿಗೆ ಆಸ್ಪತ್ರೆಯ ದಾರಿ ಹಿಡಿಯುವ ರೂಢಿ ಇಲ್ಲ. ಪಕ್ಕದ ಊರಿನ ಅಜ್ಜನೊಬ್ಬ ಕೊಡುವ ಸೊಪ್ಪಿನ ರಸ ಕುಡಿದು ಪಥ್ಯ ಹಿಡಿಯಬೇಕು. ಎಣ್ಣೆ ಕೂಡದು, ಖಾರ ಕೂಡದು, ಎಲ್ಲಕ್ಕಿಂತ ದೊಡ್ಡದಾಗಿ ಸೂಜಿ ಕೂಡದು. ಕಾಮಣಿ ಆದ ಮೈಗೆ ಸೂಜಿಯಿಂದ ಔಷಧ ಹೋದರೆ ಅದು ವಿಷವಾಗುತ್ತದೆ ಎಂದು ಎಲ್ಲರ ನಂಬಿಕೆ. ನಾನು ಸೂಜಿಯವಳು ಎಂದು ನಿಂಗಮ್ಮನ ಕಾಮಣಿಯ ಸುದ್ದಿಯನ್ನು ನನಗೆ ಯಾರೂ ಮುಟ್ಟಿಸಲಿಲ್ಲ. ನನಗೆ ಗೊತ್ತಾದದ್ದು ನಿಂಗಮ್ಮನ ಮನೆಯ ಮುಂದೆ ಜನ ಸೇರಿದಾಗ. ಅಂಗಳದಲ್ಲಿ ಮಲಗಿಸಿದ್ದ ಅವಳ ಪಾದಗಳು ಗೋರಂಟಿಯಿಂದ ಕೆಂಪಗಿದ್ದವು.

ನನಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮೂರನೆಯ ದಿನದ ಶಾಸ್ತ್ರ ಮುಗಿದ ಮೇಲೆ ಅವಳ ಅಕ್ಕನ ಪಕ್ಕದಲ್ಲಿ ಕುಳಿತು ಒಂದೊಂದೇ ಕೇಳಿದೆ. ಮೊದಲು ಕಣ್ಣು ಕೆಂಪಾಗಿತ್ತಂತೆ, ಆಮೇಲೆ ಹಳದಿ. ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳಂತೆ. ಕೊನೆಗೆ ಉಚ್ಚೆಯೇ ನಿಂತುಹೋಯಿತಂತೆ. ಅದನ್ನೆಲ್ಲ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೊಸಪೇಟೆಯವರು. ಎಲ್ಲ ಕೇಳಿಸಿಕೊಂಡು, "ಇದು ಇಲಿ ಜ್ವರ ಇದ್ದಂಗ ಐತಿ ಸಿಸ್ಟರ್," ಎಂದರು. "ಇಲಿ ಉಚ್ಚಿಯೊಳಗಿನ ಕ್ರಿಮಿ. ಬಿಸಿಲಿಗೆ ಒಣಗಿದ್ರ ಸಾಯ್ತಾವ. ಬೆಚ್ಚಗಿನ ನೀರು, ಕೆಸರು ಸಿಕ್ರ ವಾರಗಟ್ಟಲೆ ಬದುಕ್ತಾವ. ಕಾಲಾಗ ಒಂದು ಗೀರು ಇದ್ರ ಸಾಕು, ಒಳಗ ಹೋಗ್ತಾವ."

ಅಲ್ಲಿಂದ ಮೋಟರ್ ಸೈಕಲ್ಲಿನಲ್ಲಿ ಊರಿಗೆ ಬರುವ ದಾರಿಯಲ್ಲಿ ಆ ವರ್ಷವೆಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ಚಳಿ ಬಾರದ್ದರಿಂದ ಇಲಿ ಹೆಚ್ಚಿದವು. ಬೇಸಿಗೆ ಅವನ್ನು ಒಂದೇ ಕಡೆ ಕೂಡಿಹಾಕಿತು. ಹೊಳೆ ಬಂದು ಬಿಲದಿಂದ ಎಬ್ಬಿಸಿ ಬದುವಿಗೂ ಮನೆಗೂ ಹತ್ತಿಸಿತು. ಬಿಡದ ಮಳೆ ಅವುಗಳ ಉಚ್ಚೆಯನ್ನು ಗದ್ದೆಗಳಿಗೆಲ್ಲ ಹಂಚಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಚೆಲ್ಲಾಟ ಹವಾಮಾನದ್ದು, ಪ್ರಾಣಸಂಕಟ ಮೊಳಕಾಲು ನೀರಿನಲ್ಲಿ ನಿಂತ ಹೆಂಗಸರದ್ದು. ಮಳೆಯನ್ನು ತಡೆಯಲು ನನ್ನಿಂದಾಗದು, ಹೊಳೆಗೆ ಬುದ್ಧಿ ಹೇಳಲು ಆಗದು. ಆದರೆ ಆ ಗುಂಪಿನಲ್ಲಿ ಇನ್ನೊಬ್ಬಳು ಇದರಿಂದ ಸಾಯಕೂಡದು. ಊರ ಅಗಸೆ ಬಾಗಿಲಿನ ಹತ್ತಿರ ಬಂದಾಗ ಅದು ನನ್ನೊಳಗೆ ತೀರ್ಮಾನವಾಗಿಬಿಟ್ಟಿತ್ತು.

ಜ್ವರ ಬಂದವರ ರಕ್ತವನ್ನು ಪರೀಕ್ಷೆಗೆ ಕಳಿಸಿದೆವು. ಕೆಲವರಲ್ಲಿ ಇಲಿ ಜ್ವರವೇ ಎಂದು ಬಂತು. ಮೀಟಿಂಗಿನಲ್ಲಿ ಜೊತೆಯ ನರ್ಸೊಬ್ಬಳು, "ಗುಡ್ಡ ಅಗದು ಇಲಿ ಹಿಡಿದ್ಯಲ್ಲೇ!" ಎಂದು ಕಿಚಾಯಿಸಿದಳು. "ಈ ಸಲ ನನಗ ಬೇಕಾಗಿದ್ದೇ ಇಲಿ," ಎಂದೆ.

ಹಿಡಿಯುವುದು ಸುಲಭ, ಹೇಳುವುದು ಕಷ್ಟ. ಮೊದಲು ಬೂಟಿನ ಕಥೆ. ಮಂಜುನಾಥನಿಗೆ ಹೇಳಿ ತೋರಣಗಲ್ಲಿನ ಗೆಳೆಯರಿಂದ ಹಳೆಯ ಗಂಬೂಟುಗಳನ್ನು ತರಿಸಿದೆ. ಹುಲಿಗೆಮ್ಮ ಅವನ್ನು ನೋಡಿ ಮುಖ ತಿರುವಿದಳು. ಈರಮ್ಮ ಮಾತ್ರ ಅತ್ತೆಯ ಕಣ್ಣು ತಪ್ಪಿಸಿ ಒಂದು ಜೊತೆ ಹಾಕಿಕೊಂಡು ಗದ್ದೆಗಿಳಿದಳು. ಎರಡು ಹೆಜ್ಜೆ ಇಟ್ಟಳು, ಮೂರನೆಯದಕ್ಕೆ ಬೂಟು ಕೆಸರಿನಲ್ಲೇ ಉಳಿಯಿತು, ಕಾಲು ಹೊರಗೆ ಬಂತು, ಅವಳು ಧೊಪ್ಪನೆ ಕೂತಳು. ಬೂಟಿನೊಳಗೆ ತುಂಬಿದ ನೀರನ್ನು ಸುರಿಯುತ್ತ, "ಸಿಸ್ಟರ್, ಇದರಾಗ ಮೀನು ಸಾಕಬಹುದು ನೋಡ್ರಿ!" ಎಂದಳು. ನಿಂಗಮ್ಮ ಹೋದ ಮೇಲೆ ಆ ಗುಂಪು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ನಾಟಿಯ ಕೆಸರಿಗೆ ಬೂಟು ನಡೆಯುವುದಿಲ್ಲ, ಅದು ಅಲ್ಲಿಗೇ ಮುಗಿಯಿತು.

ಆಮೇಲೆ ಗುಳಿಗೆ. ನೀರಿನಲ್ಲಿ ದುಡಿಯುವವರು ವಾರಕ್ಕೊಮ್ಮೆ ನುಂಗಿದರೆ ಈ ಜ್ವರಕ್ಕೆ ತಡೆ ಎಂದು ಡಾಕ್ಟರು ಬರೆದುಕೊಟ್ಟರು. ಬಸುರಿಯರಿಗೆ ಬೇಡ ಎಂದೂ ಹೇಳಿದರು. ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತುವ ಜಾಗದಲ್ಲಿ ನಿಂತು ಒಬ್ಬೊಬ್ಬರ ಕೈಗೂ ಹಾಕಿದೆ. ಕೆಲವರು ನುಂಗಿದರು. ಖಾಲಿ ಹೊಟ್ಟೆ, ಮೇಲೆ ಸೊಂಟ ಬಗ್ಗಿಸಿ ಮಾಡುವ ಕೆಲಸ. ಹೊತ್ತೇರುವುದರೊಳಗೆ ನುಂಗಿದವರೆಲ್ಲ ಸಾಲಿನಲ್ಲೇ ವಾಂತಿ ಮಾಡಿಕೊಂಡರು. ಹುಲಿಗೆಮ್ಮ ಸಂಜೆ ಉಪಕೇಂದ್ರದ ಬಾಗಿಲಿಗೆ ಬಂದು ನಿಂತಳು.

"ಏನವ್ವ ನರ್ಸಮ್ಮ, ಸಸಿ ಹಚ್ಚೋ ಕಾಲಕ್ಕ ನನ್ನ ಆಳು ಮುರಿಯಾಕ ಬಂದಿ ಏನು?"

"ಉಂಡ ಮ್ಯಾಲ ಕೊಟ್ರ ಹಿಂಗ ಆಗಂಗಿಲ್ಲ ಹುಲಿಗೆಮ್ಮಕ್ಕ. ನಾಳಿ ಬುತ್ತಿ ಬಿಚ್ಚೋ ಹೊತ್ತಿಗೆ ಗದ್ದಿಗೇ ಬರ್ತೀನಿ."

"ಬರಬ್ಯಾಡ. ಇಲಿ ಜ್ವರ ಇಲಿ ಜ್ವರ ಅಂತ ಊರ ತುಂಬ ಒದರಾಕ ಹತ್ತಿ. ಗಣಪ್ಪನ ವಾಹನ ಅದು. ಹಬ್ಬ ಸನಿ ಬಂದೈತಿ. ಅದರ ಮ್ಯಾಲ ಯಾಕ ಅಪವಾದ ಹಾಕ್ತಿ?"

ಅವರ ಮನೆಯಲ್ಲಿ ಗಣೇಶ ಚೌತಿಯ ಮರುದಿನ ಇಲಿ ವಾರ ಮಾಡುತ್ತಿದ್ದರು. ಅಂದು ಬದುವಿನ ಬಿಲದ ಬಾಯಿಗೆ ಕಡುಬು ಇಟ್ಟು, ಬೆಳೆಗೂ ಬಟ್ಟೆಗೂ ಹಲ್ಲು ಹಚ್ಚಬೇಡಪ್ಪ ಎಂದು ಕೈಮುಗಿಯುವುದು. ಅಂಥವರ ಮುಂದೆ ನಾನು ಇಲಿಯನ್ನು ಬೈದರೆ ಕೇಳಿಯಾರೇ? ಆದರೂ ಮರುದಿನ ಗದ್ದೆಗೆ ಹೋದೆ. ಹುಲಿಗೆಮ್ಮ ನನ್ನನ್ನು ನೋಡಿಯೂ ನೋಡದವಳಂತೆ ರೊಟ್ಟಿ ಮುರಿಯುತ್ತಿದ್ದಳು. ಯಜಮಾನಿ ಕೈಚಾಚದೆ ಯಾರೂ ಕೈಚಾಚಲಿಲ್ಲ. ಅದರ ಮರುದಿನ ಹೋದೆ. ಅದರ ಮರುದಿನವೂ ಹೋದೆ. ಸಾಬೂನು ಕೊಟ್ಟು ಕಾಲುವೆಯಲ್ಲಿ ಕಾಲು ತೊಳೆಸಿದೆ, ಗೀರುಗಳಿಗೆ ಔಷಧ ಹಚ್ಚಿದೆ, ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ಗುಳಿಗೆ ಮಾತ್ರ ಡಬ್ಬಿಯಲ್ಲೇ ಉಳಿಯಿತು. ಊರಿನ ಜನ, "ಈ ಸಂಡೂರಿನಾಕಿ ಉಡ ಹಿಡಿದಂಗ ಹಿಡಿದಾಳಪ್ಪ," ಅನ್ನತೊಡಗಿದರು. ಅನ್ನಲಿ ಎಂದುಕೊಂಡೆ.

ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ಗದ್ದೆಯ ಸಾಲಿನಲ್ಲಿ ಈರಮ್ಮ ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ. ಹುಲಿಗೆಮ್ಮ ತಲೆಯೆತ್ತದೆ, "ತವರಿಗೆ ಹೋಗ್ಯಾಳ," ಎಂದಳು. ಈರಮ್ಮನ ತವರು ದರೋಜಿಯ ಕಡೆ. ನಾಟಿ ನಡುವೆ ಸೊಸೆಯನ್ನು ತವರಿಗೆ ಕಳಿಸುವ ಅತ್ತೆ ಹುಲಿಗೆಮ್ಮನಲ್ಲ. ನಾನು ಅಲ್ಲಿಂದ ನೆಟ್ಟಗೆ ಅವರ ಮನೆಗೆ ನಡೆದೆ.

ಒಳಕೋಣೆಯಲ್ಲಿ ಈರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದಾಗ ತಿರುಗಿದಳು. ಕಣ್ಣು ಅರಿಶಿನದ ನೀರಿನಂತೆ ಹಳದಿ, ಅದರ ಮೇಲೆ ಕೆಂಪು ಎಳೆಗಳು. ತಲೆದಿಂಬಿನ ಪಕ್ಕ ಸೊಪ್ಪಿನ ರಸದ ಬಟ್ಟಲು. ಮೀನಖಂಡವನ್ನು ಮೆಲ್ಲಗೆ ಒತ್ತಿದೆ. "ಯವ್ವಾ!" ಎಂದು ಚೀರಿ ನನ್ನ ಕೈ ಹಿಡಿದುಕೊಂಡಳು. ಉಚ್ಚೆಗೆ ಹೋದದ್ದು ಯಾವಾಗ ಎಂದರೆ ನೆನಪಿಲ್ಲ ಎಂದಳು. ಆಮೇಲೆ ಮೆಲ್ಲಗೆ, "ಸಿಸ್ಟರ್, ನಾನೂ ನಿಂಗಕ್ಕನಂಗ ಹೋಗ್ತೀನೇನ್ರಿ?" ಎಂದು ಕೇಳಿದಳು. ಎಲ್ಲರನ್ನೂ ನಗಿಸುವ ಹುಡುಗಿಯ ಮಾತು ಅದು. "ನಾ ಬಿಟ್ರಲ್ಲೇನವ್ವ ನೀ ಹೋಗೋದು," ಎಂದೆ.

ಅಷ್ಟರಲ್ಲಿ ಸುದ್ದಿ ಮುಟ್ಟಿ ಹುಲಿಗೆಮ್ಮ ಕೆಸರುಗಾಲಿನಲ್ಲೇ ಓಡಿಬಂದಳು. ಬಾಗಿಲಿಗೆ ಅಡ್ಡ ನಿಂತು, "ಸೂಜಿ ಮುಟ್ಟಿಸಬ್ಯಾಡ. ಕಾಮಣಿಗೆ ಔಷಧ ಕುಡಿಸೀನಿ. ಪಥ್ಯ ಕೆಟ್ರ ನನ್ನ ಸೊಸಿ ಉಳಿಯಂಗಿಲ್ಲ," ಎಂದಳು. ಮಂಜುನಾಥ ಶಿಫ್ಟಿನಲ್ಲಿದ್ದ, ಫೋನು ಹತ್ತಲಿಲ್ಲ. ಆ ಮನೆಯಲ್ಲಿ ಹೂಂ ಅನ್ನುವವಳೂ ಊಹೂಂ ಅನ್ನುವವಳೂ ಈಕೆಯೊಬ್ಬಳೇ. ಗದರಿಸಿದರೆ ಬಾಗಿಲು ಇನ್ನೂ ಗಟ್ಟಿಯಾಗಿ ಹಾಕಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಆಕೆಯ ಸೀರೆಯ ಅಂಚಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಇನ್ನೂ ಒಂದು ಹಿಡಿ ಸಸಿ ಇತ್ತು. ಇಡುವುದನ್ನೂ ಮರೆತು ಓಡಿಬಂದಿದ್ದಳು.

"ಹುಲಿಗೆಮ್ಮಕ್ಕ, ಗದ್ದ್ಯಾಗ ಸಸಿ ಹಳದಿ ಆದ್ರ ಏನು ಮಾಡ್ತಿ?" ಎಂದೆ.

"ಈಗ್ಯಾಕ ಆ ಮಾತು?"

"ಹೇಳು. ಹಳದಿ ಆದ್ವು ಅಂತ ಎಲ್ಲಕ್ಕೂ ಒಂದ ಗೊಬ್ಬರ ಒಗೀತಿ ಏನು?"

ಆಕೆ ಸಿಡುಕಿನಿಂದಲೇ ಹೇಳಿದಳು: "ಹೆಂಗ ಒಗೀತಾರ? ಹುಳ ತಿಂದ್ರೂ ಹಳದಿ, ಬೇರು ಕೊಳೆತ್ರೂ ಹಳದಿ, ಗೊಬ್ಬರ ಸಾಲದಿದ್ರೂ ಹಳದಿ. ಒಂದು ಕಿತ್ತು ಬೇರು ನೋಡಬೇಕು."

"ಮನುಷ್ಯಾರಿಗೂ ಹಂಗ. ಕಾಮಣಿ ಆದ್ರೂ ಹಳದಿ, ನಿಂಗಮ್ಮನ್ನ ತಿಂದ ಜ್ವರಕ್ಕೂ ಹಳದಿ. ನಿಂಗಮ್ಮನ ಬೇರು ನಾವ್ಯಾರೂ ನೋಡ್ಲಿಲ್ಲ. ಈಕಿದು ಆಸ್ಪತ್ರ್ಯಾಗ ನೋಡಾಕ ಬಿಡು. ರಕ್ತ ಅಂದ್ರ ಬೇರು. ಸೂಜಿಯಿಂದ ಒಳಗ ಏನೂ ಹಾಕಂಗಿಲ್ಲ, ಹೊರಗ ತಗೀತಾರ ಅಷ್ಟ. ನಿನ್ನ ಪಥ್ಯ ಕೆಡಂಗಿಲ್ಲ."

ಆಕೆ ಕೈಯಲ್ಲಿದ್ದ ಸಸಿಯನ್ನು ನೋಡಿದಳು. ಒಳಗೆ ಮಲಗಿದ್ದ ಸೊಸೆಯನ್ನು ನೋಡಿದಳು. ಈರಮ್ಮ, "ಅತ್ತಿ, ಕರ್ಕೊಂಡು ಹೋಗ್ರಿ," ಎಂದಳು. ಅತ್ತೆಯ ಮುಂದೆ ಅವಳು ತಾನಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಮಾತು. ಹುಲಿಗೆಮ್ಮ ಸಸಿಯನ್ನು ಹೊಸ್ತಿಲ ಪಕ್ಕ ಇಟ್ಟು ಬಾಗಿಲು ಬಿಟ್ಟು ಸರಿದಳು.

ಊರ ದಾರಿಯಲ್ಲಿ ನೀರು ನಿಂತದ್ದರಿಂದ ಆಂಬುಲೆನ್ಸು ಮೇನ್ ರೋಡಿನಲ್ಲೇ ನಿಂತಿತು. ಅಲ್ಲಿವರೆಗೆ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿ ತಂದೆವು. ಗುಂಪಿನ ಹೆಂಗಸರು ಮೊಳಕಾಲು ನೀರಿನಲ್ಲಿ ಟ್ರ್ಯಾಕ್ಟರಿನ ಜೊತೆ ನಡೆದು ಬಂದರು. ಮಳೆಯಲ್ಲಿ ತೊಯ್ದ ಹಂಪಿಯ ಬಂಡೆಗಳ ನಡುವೆ, ಕಮಲಾಪುರ ದಾಟಿ, ಆಂಬುಲೆನ್ಸು ಹೊಸಪೇಟೆಯ ಕಡೆ ಓಡಿತು. ಹುಲಿಗೆಮ್ಮ ಸೊಸೆಯ ಕೆಂಪು ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತಲೇ ಇದ್ದಳು. ಕೆಸರು ಹೋದ ಮೇಲೆ ಹೆಬ್ಬೆರಳಿನ ಕೆಳಗೆ ಬಾಯಿಬಿಟ್ಟ ಗೀರೊಂದು ಕಂಡಿತು. ಅದನ್ನು ನನಗೆ ತೋರಿಸಿದಳು. ನಾನು ತಲೆಯಾಡಿಸಿದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಇಲಿ ಜ್ವರವೇ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದರು. ರಕ್ತನಾಳಕ್ಕೇ ಔಷಧ ಕೊಡಬೇಕು, ಉಚ್ಚೆ ಇಳಿಯದಿದ್ದರೆ ಬಳ್ಳಾರಿಗೆ ಒಯ್ದು ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಾಕಬೇಕು. ನಾನು ಹುಲಿಗೆಮ್ಮನ ಮುಖ ನೋಡಿದೆ. ಒಳಗೆ ಏನೂ ಹಾಕುವುದಿಲ್ಲ ಎಂದು ಮಾತು ಕೊಟ್ಟು ಕರೆತಂದವಳು ನಾನು. ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಡಾಕ್ಟರಿಗೆ ಹೇಳಿದಳು: "ಬೇರಿಗೆ ರೋಗ ಬಿದ್ದೈತಿ ಅಂತ ಕಂಡ ಮ್ಯಾಲ ಎಲಿ ಒರೆಸ್ತಾ ಕುಂದ್ರಾಕ ಆಗ್ತತೇನ್ರಿ? ಬೇರಿಗೇ ಹಾಕ್ರಿ."

ಆಮೇಲಿನ ಕಾಯುವಿಕೆಯನ್ನು ನಾನು ಮರೆಯುವುದಿಲ್ಲ. ಮಂಜುನಾಥ ಕಂಪನಿಯ ಬಟ್ಟೆಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದ. ಹುಲಿಗೆಮ್ಮ ಮಂಚದ ಕೆಳಗೆ ತೂಗಿಬಿಟ್ಟ ಉಚ್ಚೆಯ ಚೀಲವನ್ನೇ ನೋಡುತ್ತ ನೆಲದ ಮೇಲೆ ಕುಳಿತಿದ್ದಳು. ಚೀಲ ಖಾಲಿ. ಊಟ ತಂದರೆ ಬೇಡ, ಮಲಗು ಎಂದರೆ ಬೇಡ. ಬಳ್ಳಾರಿಗೆ ಕಳಿಸುವ ಮಾತು ಶುರುವಾಗಿತ್ತು. ನಾನು ಹೊರಗೆ ಆಂಬುಲೆನ್ಸಿನ ವಿಚಾರ ಮಾತಾಡುತ್ತಿದ್ದಾಗ, ಬದುವಿನ ಮೇಲೆ ನಿಂತು ಕೂಗುವ ಆ ಗಂಟಲು ಇಡೀ ವಾರ್ಡಿಗೆ ಕೇಳಿಸಿತು: "ಉಚ್ಚಿ ಬಂತವ್ವೋ! ನನ್ನ ಸೊಸಿ ಉಚ್ಚಿ ಹೊಯ್ದಾಳ್ರೋ!"

ಓಡಿಹೋಗಿ ನೋಡಿದರೆ, ಚೀಲದ ತಳದಲ್ಲಿ ಕಡುಬಣ್ಣದ ಒಂದಿಷ್ಟು ನೀರು. ಹುಲಿಗೆಮ್ಮ ಅದಕ್ಕೆ ಕೈಮುಗಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದ ಮಂಚದವರು ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ನಾನೂ ಅಳುತ್ತ ನಕ್ಕೆ. ಡ್ಯಾಮಿನ ಗೇಟು ತೆರೆದಾಗ ಅಷ್ಟು ನೀರು ನೋಡಿದ್ದೆ, ಆ ಮಳೆಗಾಲದಲ್ಲಿ ನನಗೆ ಸಂತೋಷ ಕೊಟ್ಟ ನೀರು ಅದೊಂದೇ. ಈರಮ್ಮ ಕಣ್ಣು ಬಿಟ್ಟು, "ಅತ್ತಿ, ಮಾನ ಕಳದ್ರಿ ನೀವು," ಎಂದಳು.

ಗಣೇಶ ಚೌತಿಗೆ ಮಗನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹುಲಿಗೆಮ್ಮ ಊರಿಗೆ ಬಂದಳು. ಮರುದಿನ ಇಲಿ ವಾರ. ಬದುವಿನ ಬಿಲದ ಬಾಯಿಗೆ ಕಡುಬು ಇಡುವಾಗ ಗುಂಪಿನವರೆಲ್ಲ ಇದ್ದರು, ನನ್ನನ್ನೂ ಹೇಳಿಕಳಿಸಿ ಕರೆಸಿದ್ದಳು. ಕಡುಬು ಇಟ್ಟು ಕೈಮುಗಿದು ಗಟ್ಟಿಯಾಗಿ, "ಗಣಪ್ಪನ ಸವಾರಿ, ನಿನ್ನ ಪಾಲು ನಿನಗ ಕೊಟ್ಟೀನಿ. ಕಾಳು ತಿಂತಿ ತಿನ್ನು. ನನ್ನ ಹೆಣ್ಮಕ್ಕಳನ್ನ ಮಾತ್ರ ಕೊಡಂಗಿಲ್ಲ," ಎಂದಳು. ಆಮೇಲೆ ಗುಂಪಿನ ಕಡೆ ತಿರುಗಿದಳು. "ಇವತ್ತಿಂದ ಬುತ್ತಿ ಉಂಡ ಮ್ಯಾಲ ವಾರಕ್ಕೊಮ್ಮಿ ನರ್ಸಮ್ಮನ ಗುಳಿಗಿ. ನುಂಗಿದಾಕಿಗೆ ಸಾಲು. ನುಂಗದಾಕಿ ಕೆರ ಹಾಕ್ಕೊಂಡು ಮನಿಗೆ ಹೋಗಬಹುದು. ಜ್ವರ ಬಂದು ಮೀನಖಂಡ ಹಿಡೀತು ಅಂದ್ರ ಮೊದಲು ಸೂಜಿ, ಆಮ್ಯಾಲ ಸೊಪ್ಪು." ಹಾಗೆಂದು ಮೊದಲ ಗುಳಿಗೆಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಉಳಿದವರ ಕೈಗಳು ಒಂದೊಂದಾಗಿ ಮುಂದೆ ಬಂದವು. ಆಮೇಲೂ ಜ್ವರ ಬಂದವರಿದ್ದರು, ಆಸ್ಪತ್ರೆ ಸೇರಿದವರಿದ್ದರು. ಸತ್ತವರು ಯಾರೂ ಇಲ್ಲ.

ಮದುವೆಯ ವಾಸನೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಈ ವರ್ಷವೂ ಚಳಿ ಬಂದಿರಲಿಲ್ಲ, ಮಳೆ ತನಗೆ ತೋಚಿದಾಗ ಬರುತ್ತಿತ್ತು. ಎಲ್ಲಿ ಬೀಳುತ್ತದೋ ಹೇಳಲಾಗದ ಚಿತ್ತಾ ಮಳೆಗೆ ಕುರುಡು ಚಿತ್ತಿ ಅನ್ನುತ್ತಿದ್ದರು ಹಿಂದಿನವರು, ಈಗ ಎಲ್ಲ ಮಳೆಗೂ ಕುರುಡು. ಊರಲ್ಲಿ ಹುಲಿಗೆಮ್ಮ ಈಗ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳ ಪಾದಕ್ಕೆ ಗೋರಂಟಿ ಮೆತ್ತುತ್ತಿದ್ದಳು. ಮಂಡಿ ನೋವು, ಗದ್ದೆಗಿಳಿಯುವುದಿಲ್ಲ. ಗಂಟಲು ಮಾತ್ರ ಹಾಗೇ ಇದೆ. "ಗದ್ದಿಗೆ ಹೋಗು, ಈಗ ಆಕಿದ ನಡೀತತಿ," ಎಂದು ಕೈ ತೋರಿಸಿದಳು.

ಬದುವಿನ ಮೇಲೆ ಚಪ್ಪಲಿಗಳು ಸಾಲಾಗಿದ್ದವು. ಹೆಂಗಸರು ಆಗಷ್ಟೇ ಬುತ್ತಿ ಮುಗಿಸಿ ಕೈತೊಳೆಯುತ್ತಿದ್ದರು. ಈರಮ್ಮ ನನ್ನನ್ನು ನೋಡಿ ಓಡಿಬಂದು ಅಪ್ಪಿಕೊಂಡಳು. ಅತ್ತೆಯ ಹಾಗೆಯೇ ಸೆರಗು ಸೊಂಟಕ್ಕೆ ಬಿಗಿದಿದ್ದಳು, ನಡಿಗೆಯೂ ಅತ್ತೆಯದೇ, ಈಗ ಅದು ನಕಲಲ್ಲ. ನನಗೂ ಆಸೆಯಾಯಿತು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಒಂದು ಸಾಲಾದರೂ ಹಚ್ಚುತ್ತೇನೆ ಎಂದು ನೀರಿಗೆ ಕಾಲು ಇಡಲು ಹೋದೆ. ಈರಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಮೊದಲು ನನ್ನ ಎರಡೂ ಪಾದಗಳನ್ನು ಎತ್ತಿಸಿ ಗೀರು ಇದೆಯೇ ಎಂದು ನೋಡಿದಳು. ಆಮೇಲೆ ಡಬ್ಬಿ ತಂದಳು.

"ಉಂಡೀರೇನ್ರಿ?"

"ಉಂಡೀನವ್ವ. ಒಂದ ಸಾಲು ತಾನೇ, ಅದಕ್ಯಾಕ..."

"ಯಾರಾದ್ರೂ ಸರಿ," ಎಂದಳು ಈರಮ್ಮ, ನಗದೆ. "ನಿಂಗಕ್ಕನ್ನ ತಿಂದ ಗದ್ದಿ ಇದು. ಬಾಯಿ ತಗೀರಿ ಸಿಸ್ಟರ್."

ನಾನು ಬಾಯಿ ತೆರೆದೆ.